ಕಛೇರಿ ನಡೆದ ಊರೇ ತೆರಿಗೆಯ ಊರು

ಅಮೆರಿಕದಲ್ಲಿ ನೆಲೆಸಿ, ರಾಜ್ಯದಿಂದ ರಾಜ್ಯಕ್ಕೆ ಸಂಚರಿಸುತ್ತ ಕಾರ್ಯಕ್ರಮ ಕೊಡುವ ಕನ್ನಡ ಕಲಾವಿದರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ

ಕಲಾವಿದ ಬಂಧುಗಳೇ, ಸಂಘಟಕ ಮಿತ್ರರೇ,

ಈ ದೇಶದಲ್ಲಿ ಹಾಡುವ, ನುಡಿಸುವ, ನರ್ತಿಸುವ, ಬಣ್ಣ ಹಚ್ಚಿ ವೇಷ ಕಟ್ಟುವ ನಮ್ಮವರಲ್ಲಿ ಬಹುಪಾಲು ಜನರಿಗೆ ಫೆಡರಲ್ ಆದಾಯ ತೆರಿಗೆಯ ವಿಷಯದಲ್ಲಿ ತಕ್ಕಮಟ್ಟಿನ ತಿಳಿವಳಿಕೆ ಇದೆ. ತೊಡಕು ಶುರುವಾಗುವುದು ರಾಜ್ಯಗಳ ತೆರಿಗೆಯಿಂದ. ಯುಗಾದಿಗೆ ಒಂದು ಕನ್ನಡ ಕೂಟ, ಈಸ್ಟರ್ ಹೊತ್ತಿಗೆ ಕ್ಲೀವ್‌ಲ್ಯಾಂಡಿನ ತ್ಯಾಗರಾಜ ಉತ್ಸವ, ಬೇಸಿಗೆಯಲ್ಲಿ ಎರಡು ಮೂರು ದೇವಸ್ಥಾನಗಳು, ನವೆಂಬರಿನಲ್ಲಿ ರಾಜ್ಯೋತ್ಸವ ಎಂದು ವರ್ಷಕ್ಕೆ ಆರೇಳು ರಾಜ್ಯಗಳ ವೇದಿಕೆ ಏರುವ ಕಲಾವಿದರೊಬ್ಬರು, ಅಷ್ಟೂ ರಾಜ್ಯಗಳಿಗೆ ಬೇರೆ ಬೇರೆ ರಿಟರ್ನ್ ಸಲ್ಲಿಸಬೇಕಾಗಬಹುದೆಂದು ಕೇಳಿದಾಗ ಮೊದಲು ನಗುತ್ತಾರೆ, ಆಮೇಲೆ ಗಾಬರಿಯಾಗುತ್ತಾರೆ. ನಾನು ಇವತ್ತು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಮಾತು: ಬಹುರಾಜ್ಯ ತೆರಿಗೆಯ ಲೆಕ್ಕ ತೀರ್ಮಾನವಾಗುವುದು ಕಾರ್ಯಕ್ರಮದ ಕರಾರಿಗೆ ಸಹಿ ಬೀಳುವ ದಿನ. ಏಪ್ರಿಲ್ ತಿಂಗಳಲ್ಲಿ ಉಳಿಯುವುದು ಆ ತೀರ್ಮಾನವನ್ನು ನಮೂನೆಗಳಲ್ಲಿ ತುಂಬುವ ಕೆಲಸವಷ್ಟೇ.

ಮೊದಲು ಭೂಪಟ ನೋಡೋಣ. ಈ ದೇಶದ 41 ರಾಜ್ಯಗಳು ದುಡಿಮೆಯ ಆದಾಯದ ಮೇಲೆ ತೆರಿಗೆ ಹಾಕುತ್ತವೆ. ಅಲಾಸ್ಕಾ, ಫ್ಲೋರಿಡಾ, ನೆವಾಡಾ, ನ್ಯೂ ಹ್ಯಾಂಪ್‌ಶೈರ್, ಸೌತ್ ಡಕೋಟಾ, ಟೆನೆಸೀ, ಟೆಕ್ಸಸ್, ವಾಷಿಂಗ್ಟನ್ ಮತ್ತು ವ್ಯೋಮಿಂಗ್ ರಾಜ್ಯಗಳು ಸಂಬಳ, ಸಂಭಾವನೆಗಳ ಮೇಲೆ ತೆರಿಗೆ ಹಾಕದೆ ಉಳಿದಿರುವಂಥವು. ರಾಜಧಾನಿ ವಾಷಿಂಗ್ಟನ್ ಡಿ.ಸಿ. ತನ್ನ ನಿವಾಸಿಗಳಿಂದ ತೆರಿಗೆ ಪಡೆಯುತ್ತದೆ, ಆದರೆ ಹೊರಗಿನಿಂದ ಬಂದು ಹೋಗುವವರ ವೈಯಕ್ತಿಕ ಆದಾಯವನ್ನು ಮುಟ್ಟದಂತೆ ಕಾಂಗ್ರೆಸ್ಸಿನ ಕಾಯ್ದೆಯೇ ಅದನ್ನು ತಡೆದಿದೆ. ಹೀಗಾಗಿ ಡಾಲಸ್, ಹ್ಯೂಸ್ಟನ್, ಸಿಯಾಟಲ್, ಟ್ಯಾಂಪಾ ನಗರಗಳಲ್ಲಿ ಕಛೇರಿ ಮಾಡಿ ಬಂದರೆ ಆ ರಾಜ್ಯಕ್ಕೆ ಲೆಕ್ಕ ಒಪ್ಪಿಸುವ ಪ್ರಶ್ನೆ ಬರುವುದಿಲ್ಲ. ಆ ಆದಾಯ ನೀವು ವಾಸಿಸುವ ರಾಜ್ಯದ ಲೆಕ್ಕಕ್ಕೆ ಮಾತ್ರ ಸೇರುತ್ತದೆ.

ಉಳಿದ ಕಡೆ ಎರಡು ಹಕ್ಕುಗಳು ಒಂದೇ ಹಣದ ಮೇಲೆ ಬಂದು ನಿಲ್ಲುತ್ತವೆ. ನೀವು ವಾಸಿಸುವ ರಾಜ್ಯ, ನೀವು ಪ್ರಪಂಚದ ಯಾವ ಮೂಲೆಯಲ್ಲಿ ಗಳಿಸಿದ್ದರೂ ಆ ಎಲ್ಲ ಆದಾಯದ ಮೇಲೆ ಹಕ್ಕು ಹೇಳುತ್ತದೆ. ನೀವು ಕಾರ್ಯಕ್ರಮ ಕೊಟ್ಟ ರಾಜ್ಯ, ತನ್ನ ನೆಲದಲ್ಲಿ ಹುಟ್ಟಿದ ಆದಾಯದ ಮೇಲೆ ಮಾತ್ರ ಹಕ್ಕು ಹೇಳುತ್ತದೆ. ವೇದಿಕೆಯ ಕಲೆಯ ವಿಷಯದಲ್ಲಿ ಆದಾಯ ಎಲ್ಲಿ ಹುಟ್ಟಿತು ಎಂಬುದಕ್ಕೆ ಉತ್ತರ ಸರಳ: ಎಲ್ಲಿ ಹಾಡಿದಿರೋ ಅಲ್ಲಿ. ಚೆಕ್ಕು ಯಾವ ಊರಿನ ಬ್ಯಾಂಕಿನದು, ಸಂಘಟಕರ ವಿಳಾಸ ಯಾವುದು, ಹಣ ಝೆಲ್ ಮೂಲಕ ಬಂತೋ ಲಕೋಟೆಯಲ್ಲಿ ಬಂತೋ, ಇವುಗಳಿಂದ ಏನೂ ಬದಲಾಗುವುದಿಲ್ಲ. ಹಾರ, ಶಾಲು, ಫಲತಾಂಬೂಲದ ಜೊತೆಗೆ ತಟ್ಟೆಯಲ್ಲಿಟ್ಟು ಕೊಟ್ಟ ಹಣ ಉಡುಗೊರೆಯಲ್ಲವೇ ಎಂದು ಕೇಳುವವರಿದ್ದಾರೆ. ಉಡುಗೊರೆ ಎನ್ನಿಸಿಕೊಳ್ಳಬೇಕಾದರೆ ಅದು ಪ್ರತಿಫಲದ ಯೋಚನೆಯೇ ಇಲ್ಲದ ಔದಾರ್ಯದಿಂದ ಬಂದಿರಬೇಕೆಂದು ಅಮೆರಿಕದ ಸುಪ್ರೀಂ ಕೋರ್ಟು 1960ರ ಡ್ಯೂಬರ್‌ಸ್ಟೀನ್ ಮೊಕದ್ದಮೆಯಲ್ಲಿ ಹೇಳಿದೆ. ಎರಡೂವರೆ ಗಂಟೆ ಹಾಡಿಸಿಕೊಂಡು ಕೊಟ್ಟ ಹಣ ಆ ಅಳತೆಗೆ ನಿಲ್ಲುವುದಿಲ್ಲ.

ವಾಸದ ರಾಜ್ಯ ಯಾವುದು ಎಂಬುದರಲ್ಲಿ ನಮ್ಮವರಿಗೆ ಸಾಮಾನ್ಯವಾಗಿ ಗೊಂದಲವಿರುವುದಿಲ್ಲ, ಏಕೆಂದರೆ ಮನೆ, ಮಕ್ಕಳ ಶಾಲೆ, ಸಂಗಾತಿಯ ಉದ್ಯೋಗ ಎಲ್ಲ ಒಂದೇ ಕಡೆ ಇರುತ್ತವೆ. ವರ್ಷವಿಡೀ ಪ್ರವಾಸದಲ್ಲಿರುವ ಕಲಾವಿದರಿಗೆ ಮಾತ್ರ ಒಂದು ಎಚ್ಚರಿಕೆ. ಮನೆ ಖಾಲಿ ಮಾಡಿ, ಸಾಮಾನನ್ನು ಗೋದಾಮಿಗೆ ಹಾಕಿ ಹೊರಟ ಮಾತ್ರಕ್ಕೆ ಹಳೆಯ ರಾಜ್ಯದ ನಂಟು ಕಳಚುವುದಿಲ್ಲ. ಇನ್ನೊಂದು ರಾಜ್ಯದಲ್ಲಿ ನೆಲೆ ಊರುವ ತನಕ ಹಳೆಯ ರಾಜ್ಯವೇ ನಿಮ್ಮ ವಾಸದ ರಾಜ್ಯ. ನ್ಯೂಯಾರ್ಕಿನಂಥ ರಾಜ್ಯದಲ್ಲಿ ಕಾಯಂ ವಸತಿ ಇಟ್ಟುಕೊಂಡು 183ಕ್ಕಿಂತ ಹೆಚ್ಚು ದಿನ ಅಲ್ಲಿ ಕಳೆದರೆ, ನಿಮ್ಮ ಸ್ವಂತ ಮನೆ ಬೇರೆ ರಾಜ್ಯದಲ್ಲಿದ್ದರೂ ಅದು ನಿಮ್ಮನ್ನು ತನ್ನ ನಿವಾಸಿಯೆಂದೇ ಎಣಿಸುತ್ತದೆ.

ಹೊರಗಿನಿಂದ ಬಂದು ಪ್ರದರ್ಶನ ಕೊಟ್ಟು ಹೋಗುವವರ ಮೇಲೆ ರಾಜ್ಯಗಳ ಕಣ್ಣು ಬಿದ್ದದ್ದು ಕ್ರೀಡಾಂಗಣದ ಮೂಲಕ. 1991ರಲ್ಲಿ ಮೈಕೆಲ್ ಜೋರ್ಡಾನ್ ಇದ್ದ ಶಿಕಾಗೋ ಬುಲ್ಸ್ ತಂಡ ಲಾಸ್ ಏಂಜಲೀಸಿನ ಲೇಕರ್ಸ್ ತಂಡವನ್ನು ಸೋಲಿಸಿ ಬ್ಯಾಸ್ಕೆಟ್‌ಬಾಲ್ ಪಟ್ಟ ಗೆದ್ದ ಮೇಲೆ ಕ್ಯಾಲಿಫೋರ್ನಿಯಾ ಆ ಆಟಗಾರರಿಂದ ತನ್ನ ಪಾಲಿನ ತೆರಿಗೆ ಕೇಳಿತು. ಅದಕ್ಕೆ ಸೇಡೆಂಬಂತೆ ಇಲಿನಾಯ್ ರಾಜ್ಯ, ತನ್ನ ಆಟಗಾರರಿಗೆ ತೆರಿಗೆ ಹಾಕುವ ರಾಜ್ಯಗಳ ಆಟಗಾರರಿಗೆ ತಾನೂ ತೆರಿಗೆ ಹಾಕುವ ಕಾನೂನನ್ನು ಮಾಡಿಕೊಂಡಿತು. ಉಳಿದ ರಾಜ್ಯಗಳೂ ಇದೇ ದಾರಿ ಹಿಡಿದವು, ಮತ್ತು ಹಲವು ಕಡೆ ಆಟಗಾರ, ಕಲಾವಿದ ಎಂಬ ಎರಡೂ ವರ್ಗಗಳು ಒಂದೇ ಕಲಮಿನೊಳಗೆ ಸೇರಿಕೊಂಡವು. ಕೋಟಿಗಳ ಆಟಗಾರನಿಗೆಂದು ನೇಯ್ದ ಬಲೆಯಲ್ಲಿ ಸಾವಿರ ಡಾಲರಿನ ವೀಣಾವಾದಕಿ ಸಿಕ್ಕಿಬಿದ್ದಿರುವುದು ಹೀಗೆ.

ಇದು ಉತ್ಪ್ರೇಕ್ಷೆಯ ಮಾತಲ್ಲ. ಕಂಪನಿ ಕೆಲಸಕ್ಕಾಗಿ ಬೇರೆ ರಾಜ್ಯಕ್ಕೆ ನಾಲ್ಕು ದಿನ ಹೋಗಿ ಬರುವ ನೌಕರರಿಗೆ ಹಲವು ರಾಜ್ಯಗಳು ವಿನಾಯಿತಿ ಕೊಟ್ಟಿವೆ. ನ್ಯೂಯಾರ್ಕಿನಲ್ಲಿ ವರ್ಷಕ್ಕೆ 14 ದಿನಕ್ಕಿಂತ ಹೆಚ್ಚು ದುಡಿಯದ ಹೊರರಾಜ್ಯದ ನೌಕರರ ಸಂಬಳದಲ್ಲಿ ತೆರಿಗೆ ಕಡಿತ ಮಾಡಬೇಕೆಂದು ಅಲ್ಲಿನ ತೆರಿಗೆ ಇಲಾಖೆ ಒತ್ತಾಯಿಸುವುದಿಲ್ಲ, ಆದರೆ ಆ ಸೌಲಭ್ಯ ಕಲಾವಿದರಿಗೂ ಕ್ರೀಡಾಪಟುಗಳಿಗೂ ಇಲ್ಲ. 30 ದಿನಗಳ ಒಳಗಿನ ಕೆಲಸಕ್ಕೆ ದೇಶದಾದ್ಯಂತ ವಿನಾಯಿತಿ ಕೊಡಬೇಕೆಂಬ ಮಸೂದೆ ಕಾಂಗ್ರೆಸ್ಸಿನಲ್ಲಿ ಮತ್ತೆ ಮತ್ತೆ ಮಂಡನೆಯಾಗಿದೆ. ಅದರಲ್ಲಿಯೂ ವೃತ್ತಿಪರ ಕಲಾವಿದರನ್ನು ಹೊರಗಿಡಲಾಗಿದೆ. ಲೆಕ್ಕಪರಿಶೋಧಕರಿಗೆ, ಸಾಫ್ಟ್‌ವೇರ್ ಎಂಜಿನಿಯರರಿಗೆ ಸಲ್ಲುವ ರಿಯಾಯಿತಿ ಮೃದಂಗ ಹೊತ್ತುಕೊಂಡು ಹೋಗುವವನಿಗೆ ಏಕೆ ಸಲ್ಲಬಾರದು ಎಂಬುದಕ್ಕೆ ನನಗೆ ಇನ್ನೂ ಒಪ್ಪಿಗೆಯಾಗುವ ಉತ್ತರ ಸಿಕ್ಕಿಲ್ಲ.

ಈಗ ಮೂಲದಲ್ಲೇ ಆಗುವ ತೆರಿಗೆ ಕಡಿತದ ವಿಷಯಕ್ಕೆ ಬರೋಣ. ನಿಮ್ಮ ಕೈಗೆ ಹಣ ಬರುವ ಮೊದಲೇ ನಡೆದುಹೋಗುವ ಕ್ರಿಯೆ ಇದು, ಮತ್ತು ರಾಜ್ಯದಿಂದ ರಾಜ್ಯಕ್ಕೆ ಇದರ ರೂಪ ಬೇರೆ. ಕ್ಯಾಲಿಫೋರ್ನಿಯಾದಲ್ಲಿ, ಹೊರರಾಜ್ಯದ ಸ್ವತಂತ್ರ ಕಲಾವಿದರಿಗೆ ಒಂದೇ ಸಂಸ್ಥೆ ವರ್ಷದಲ್ಲಿ 1,500 ಡಾಲರಿಗಿಂತ ಹೆಚ್ಚು ಕೊಟ್ಟರೆ, ಶೇಕಡಾ 7ರಷ್ಟನ್ನು ಹಿಡಿದುಕೊಂಡು ರಾಜ್ಯದ ಫ್ರಾಂಚೈಸ್ ಟ್ಯಾಕ್ಸ್ ಬೋರ್ಡಿಗೆ ಕಟ್ಟಬೇಕು. ನಾರ್ತ್ ಕ್ಯಾರೊಲಿನಾದಲ್ಲಿಯೂ ಮಿತಿ 1,500 ಡಾಲರ್, ಕಡಿತ ಶೇಕಡಾ 4. ಮಿಸೌರಿಯಲ್ಲಿ 300 ಡಾಲರ್ ದಾಟಿದರೆ ಶೇಕಡಾ 2. ಹೀಗೆ ಬರುವ ವರಮಾನದಲ್ಲಿ ಒಂದು ಪಾಲು ಆ ರಾಜ್ಯದ ಕಲಾ ಮಂಡಳಿಯ ನಿಧಿಗೆ ಹೋಗಬೇಕೆಂದು ಅಲ್ಲಿನ ಕಾನೂನು ಹೇಳುತ್ತದೆ ಎಂಬುದು ಕಲಾವಿದರಿಗೆ ಸಣ್ಣ ಸಮಾಧಾನ. ಪೆನ್ಸಿಲ್ವೇನಿಯಾದಲ್ಲಿ 2018ರಿಂದ ಶೇಕಡಾ 3.07ರ ಕಡಿತವಿದೆ, ಒಂದು ಸಂಸ್ಥೆ ಕೊಡುವ ಮೊತ್ತ ವರ್ಷಕ್ಕೆ 5,000 ಡಾಲರಿಗಿಂತ ಕಡಿಮೆಯಾದರೆ ಕಡಿತ ಕಡ್ಡಾಯವಲ್ಲ. ಮಿನೆಸೋಟ ಇವೆಲ್ಲಕ್ಕಿಂತ ಬೇರೆ ರೀತಿಯದು. ಅಲ್ಲಿ ಹೊರಗಿನ ಕಲಾವಿದರ ಮೇಲೆ ಒಟ್ಟು ಸಂಭಾವನೆಯ ಶೇಕಡಾ 2ರಷ್ಟು ಪ್ರತ್ಯೇಕ ತೆರಿಗೆಯೇ ಇದೆ. ಖರ್ಚು ಕಳೆಯಲು ಅವಕಾಶವಿಲ್ಲ, ಆದರೆ ಆ ರಾಜ್ಯದಲ್ಲಿ ನಿಮಗೆ ಬೇರೆ ಆದಾಯವಿಲ್ಲದಿದ್ದರೆ ಸಂಘಟಕರು ಹಿಡಿದು ಕಟ್ಟಿದ ಆ ಶೇಕಡಾ 2ರಲ್ಲೇ ಲೆಕ್ಕ ಮುಗಿಯುತ್ತದೆ, ನೀವು ರಿಟರ್ನ್ ಸಲ್ಲಿಸಬೇಕಾಗಿಲ್ಲ. ನನ್ನನ್ನು ಕೇಳಿದರೆ ಸಣ್ಣ ಮೊತ್ತದ ಸಂಚಾರಿ ಕಲಾವಿದರಿಗೆ ಎಲ್ಲ ರಾಜ್ಯಗಳೂ ಮಾಡಬೇಕಾದ ವ್ಯವಸ್ಥೆ ಇದೇ.

ಕಡಿತವಾಗದಿದ್ದರೆ ತೆರಿಗೆಯೂ ಇಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇವೆರಡೂ ಬೇರೆ. ಪಿಟ್ಸ್‌ಬರ್ಗಿನ ದೇವಸ್ಥಾನವೊಂದರಲ್ಲಿ ಹಾಡಿ ಸಾವಿರ ಡಾಲರ್ ಪಡೆದವರಿಗೆ ಅಲ್ಲಿ ಕಡಿತವಾಗದೆ ಇರಬಹುದು. ಆದರೆ ಪೆನ್ಸಿಲ್ವೇನಿಯಾದಲ್ಲಿ ತೆರಿಗೆಗೆ ಒಳಪಡುವ ಆದಾಯ 33 ಡಾಲರ್ ದಾಟಿದ ಪ್ರತಿಯೊಬ್ಬರೂ ರಿಟರ್ನ್ ಸಲ್ಲಿಸಬೇಕು. ಮೂವತ್ತಮೂರೇ ಏಕೆಂದರೆ, ಶೇಕಡಾ 3.07ರ ದರದಲ್ಲಿ ಅಷ್ಟು ಆದಾಯಕ್ಕೆ ತೆರಿಗೆ ಒಂದು ಡಾಲರ್ ಆಗುತ್ತದೆ. ಹಾಗೆಯೇ, ಕೊಟ್ಟ ಸಂಭಾವನೆ ಎಷ್ಟೆಂದು ಸಂಘಟಕರು ಬರೆದು ಕಳಿಸುವ 1099-ಎನ್‌ಇಸಿ ನಮೂನೆ ಬರಲಿಲ್ಲವೆಂದು ಆದಾಯವನ್ನು ಬಿಡುವಂತಿಲ್ಲ. ಆ ನಮೂನೆ ಕೊಡಬೇಕಾದ ಮಿತಿ ಬಹಳ ಕಾಲದಿಂದ 600 ಡಾಲರ್ ಇತ್ತು, 2025ರ ಜುಲೈನಲ್ಲಿ ಬಂದ ಹೊಸ ಕಾನೂನಿನಂತೆ 2026ರ ಪಾವತಿಗಳಿಂದ ಅದು 2,000 ಡಾಲರಿಗೆ ಏರಿದೆ. ಏರಿದ್ದು ಸಂಘಟಕರು ಕಾಗದ ಕಳಿಸಬೇಕಾದ ಮಿತಿ. ನಿಮ್ಮ ಆದಾಯಕ್ಕೆ ಹಿಂದೆಯೂ ಅಂಥ ಮಿತಿ ಇರಲಿಲ್ಲ, ಈಗಲೂ ಇಲ್ಲ.

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಮನೆಯಲ್ಲೇ ಪಾಠ ಹೇಳುವ, ಒಂಟಿಯಾಗಿ ತೆರಿಗೆ ಸಲ್ಲಿಸುವ ಗಾಯಕಿಯೊಬ್ಬರಿದ್ದಾರೆ. ಖರ್ಚು ಕಳೆದ ಅವರ ವಾರ್ಷಿಕ ಆದಾಯ 60,000 ಡಾಲರ್. ಸ್ಯಾನ್ ಹೋಸೆಯ ಸಂಸ್ಥೆಯೊಂದು ಅವರನ್ನು 4,000 ಡಾಲರಿಗೆ ಕರೆಸುತ್ತದೆ. ವಿಮಾನ, ಹೋಟೆಲು, ಪಕ್ಕವಾದ್ಯದವರಿಗೆ ಕೊಟ್ಟದ್ದು ಎಲ್ಲ ಸೇರಿ 1,500 ಡಾಲರ್ ಖರ್ಚಾಗಿ ಅವರಿಗೆ ಉಳಿಯುವುದು 2,500. ಆದರೆ ಶೇಕಡಾ 7ರ ಕಡಿತ ಪೂರ್ಣ 4,000ದ ಮೇಲೆ ಬೀಳುತ್ತದೆ, ಅಂದರೆ 280 ಡಾಲರ್. ನಿಜವಾದ ತೆರಿಗೆ ಎಷ್ಟೆಂದು ಕ್ಯಾಲಿಫೋರ್ನಿಯಾ ಲೆಕ್ಕ ಹಾಕುವ ಕ್ರಮ ಹೀಗಿದೆ: ಮೊದಲು ಅವರ ಇಡೀ 60,000 ಡಾಲರ್ ಆದಾಯವೂ ತನ್ನಲ್ಲೇ ಹುಟ್ಟಿತೆಂದು ಭಾವಿಸಿ ಸರಾಸರಿ ದರವನ್ನು ಕಂಡುಕೊಳ್ಳುತ್ತದೆ, ಆ ದರವನ್ನು ತನ್ನ ನೆಲದ 2,500 ಡಾಲರಿಗೆ ಮಾತ್ರ ಅನ್ವಯಿಸುತ್ತದೆ. ಈ ಗಾಯಕಿಯ ಮಟ್ಟದಲ್ಲಿ ಆ ಸರಾಸರಿ ಶೇಕಡಾ ಮೂರೂವರೆಯ ಆಚೀಚೆ ಬರುತ್ತದೆ, ತೆರಿಗೆ ನೂರು ಡಾಲರನ್ನು ಮುಟ್ಟುವುದಿಲ್ಲ. ಮಿಕ್ಕ ಸುಮಾರು 200 ಡಾಲರ್ ಅವರ ಹಣ. ಆದರೆ 540-ಎನ್‌ಆರ್ ಎಂಬ ಅನಿವಾಸಿಗಳ ರಿಟರ್ನ್ ಸಲ್ಲಿಸದ ಹೊರತು ಆ ಹಣ ವಾಪಸು ಬರುವುದಿಲ್ಲ. ಸಲ್ಲಿಸಲು ಲೆಕ್ಕಿಗರಿಗೆ ಕೊಡುವ ಶುಲ್ಕ ಕೆಲವೊಮ್ಮೆ ಆ ಇನ್ನೂರನ್ನೇ ನುಂಗುತ್ತದೆ.

ಇಲ್ಲಿಯೇ ಕರಾರಿನ ಮಹತ್ವ ಗೊತ್ತಾಗುವುದು. ನಮ್ಮ ಸಂಪ್ರದಾಯದಲ್ಲಿ ಮುಖ್ಯ ಕಲಾವಿದರ ಕೈಗೆ ಒಟ್ಟು ಮೊತ್ತ ಕೊಟ್ಟು, ಪಿಟೀಲು, ಮೃದಂಗ, ಘಟದವರಿಗೆ ನೀವೇ ಕೊಟ್ಟುಕೊಳ್ಳಿ ಎನ್ನುವುದು ರೂಢಿ. ಸಂಘಟಕರಿಗೆ ಇದು ಸುಲಭ, ಕಲಾವಿದರಿಗೆ ದುಬಾರಿ. ಒಟ್ಟು ಮೊತ್ತವೆಲ್ಲ ಮುಖ್ಯ ಕಲಾವಿದರ ಆದಾಯವಾಗಿ ದಾಖಲಾಗುತ್ತದೆ, ಕಡಿತ ಅದರ ಮೇಲೆ ಬೀಳುತ್ತದೆ, ಪಕ್ಕವಾದ್ಯದವರಿಗೆ 1099-ಎನ್‌ಇಸಿ ಕೊಡುವ ಹೊಣೆಯೂ ಮುಖ್ಯ ಕಲಾವಿದರ ತಲೆಗೆ ಬರುತ್ತದೆ, ಕ್ಯಾಲಿಫೋರ್ನಿಯಾದಲ್ಲಾದರೆ ಪಕ್ಕವಾದ್ಯದವರೊಬ್ಬರಿಗೆ 1,500 ಡಾಲರಿಗಿಂತ ಹೆಚ್ಚು ಕೊಟ್ಟ ಪಕ್ಷದಲ್ಲಿ ಅವರ ತೆರಿಗೆಯನ್ನು ಹಿಡಿಯುವ ಹೊಣೆಯೂ ಸೇರುತ್ತದೆ. ಪ್ರತಿಯೊಬ್ಬ ಕಲಾವಿದರೊಡನೆ ಪ್ರತ್ಯೇಕ ಕರಾರು ಮಾಡಿಕೊಂಡು ಪ್ರತ್ಯೇಕ ಚೆಕ್ಕು ಕೊಡಲು ಸಂಘಟಕರನ್ನು ಕೇಳಿ. ವಿಮಾನದ ಟಿಕೆಟ್ಟನ್ನೂ ಹೋಟೆಲನ್ನೂ ಸಂಘಟಕರೇ ನೇರವಾಗಿ ಕಾದಿರಿಸಲಿ. ಒಂದೇ ಕರಾರಿನಲ್ಲಿ ಎರಡು ಮೂರು ರಾಜ್ಯಗಳ ಕಾರ್ಯಕ್ರಮಗಳಿದ್ದರೆ ಯಾವ ಊರಿಗೆ ಎಷ್ಟು ಎಂದು ಬಿಡಿಸಿ ಬರೆಸಿ. ಕ್ಯಾಲಿಫೋರ್ನಿಯಾದಲ್ಲಿ ಈ ಹಂಚಿಕೆಯನ್ನು ತಿಳಿಸಲು 587 ಎಂಬ ನಮೂನೆ, ಕಡಿತದಿಂದ ಬಿಡುಗಡೆ ಕೇಳಲು 588, ಖರ್ಚುಗಳನ್ನು ತೋರಿಸಿ ಕಡಿತವನ್ನು ಇಳಿಸಲು 589 ಎಂಬ ನಮೂನೆಗಳಿವೆ. ಇವುಗಳಲ್ಲಿ ಕೊನೆಯ ಎರಡನ್ನೂ ಹಣ ಕೈಸೇರುವುದಕ್ಕೆ ಕೆಲವು ವಾರ ಮೊದಲೇ ಸಲ್ಲಿಸಬೇಕು. ಕಛೇರಿ ಮುಗಿದ ರಾತ್ರಿ ಕೇಳಿದರೆ ಖಜಾಂಚಿಯವರು ಏನೂ ಮಾಡಲಾರರು.

ಒಂದೇ ಹಣಕ್ಕೆ ಎರಡು ರಾಜ್ಯಗಳು ತೆರಿಗೆ ಹಾಕುವುದು ಅನ್ಯಾಯವಲ್ಲವೇ ಎಂಬ ಪ್ರಶ್ನೆಗೆ ಉತ್ತರ ಕ್ರೆಡಿಟ್ ಎಂಬ ವ್ಯವಸ್ಥೆಯಲ್ಲಿದೆ. ಹೊರರಾಜ್ಯಕ್ಕೆ ಕಟ್ಟಿದ ತೆರಿಗೆಯನ್ನು ನಿಮ್ಮ ವಾಸದ ರಾಜ್ಯ ತನ್ನ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುತ್ತದೆ, ಆದರೆ ಆ ಆದಾಯದ ಮೇಲೆ ತಾನು ಎಷ್ಟು ಹಾಕುತ್ತಿತ್ತೋ ಅಷ್ಟರ ಮಿತಿಯಲ್ಲಿ. ನಮ್ಮ ಎಡಿಸನ್ ಗಾಯಕಿಯ ಮಟ್ಟದಲ್ಲಿ ನ್ಯೂಜೆರ್ಸಿಯ ಸರಾಸರಿ ಶೇಕಡಾ 3ರ ಹತ್ತಿರ ಬರುವುದರಿಂದ ಕ್ಯಾಲಿಫೋರ್ನಿಯಾಕ್ಕೆ ಕಟ್ಟಿದ್ದರಲ್ಲಿ ಬಹುಭಾಗ ಅವರಿಗೆ ತಿರುಗಿ ದಕ್ಕುತ್ತದೆ, ಕೆಲವು ಡಾಲರ್ ಮಾತ್ರ ಕೈಬಿಡುತ್ತದೆ. ಅದೇ ಗಾಯಕಿ ಆಸ್ಟಿನ್ನಿನಲ್ಲಿ ವಾಸವಿದ್ದರೆ ಕಥೆ ಬೇರೆ. ಟೆಕ್ಸಸ್ಸಿನಲ್ಲಿ ಆದಾಯ ತೆರಿಗೆಯೇ ಇಲ್ಲವಾದ್ದರಿಂದ ವಜಾ ಮಾಡಿಕೊಳ್ಳಲು ಏನೂ ಇರುವುದಿಲ್ಲ, ಕ್ಯಾಲಿಫೋರ್ನಿಯಾಕ್ಕೆ ಕಟ್ಟಿದ್ದು ಪೂರ್ತಿ ಅವರ ಮೇಲಿನ ಹೊರೆಯೇ. ತೆರಿಗೆಯಿಲ್ಲದ ರಾಜ್ಯದಲ್ಲಿದ್ದೇನೆ, ನನಗೆ ಈ ತಾಪತ್ರಯವಿಲ್ಲ ಎಂದುಕೊಳ್ಳುವವರಿಗೆ ಈ ಮಾತು ಅಚ್ಚರಿ ತರುತ್ತದೆ.

ಕ್ರೆಡಿಟ್ ಸಿಗುವುದು ಹೊರರಾಜ್ಯದಲ್ಲಿ ಅಂತಿಮವಾಗಿ ನಿರ್ಧಾರವಾದ ತೆರಿಗೆಗೆ. ಮೂಲದಲ್ಲಿ ಕಡಿತವಾದ ಮೊತ್ತಕ್ಕೆ ಸಿಗುವುದಿಲ್ಲ. 280 ಡಾಲರ್ ಹಿಡಿದಿದ್ದಾರಲ್ಲ, ಅದನ್ನೇ ಬರೆದುಬಿಡೋಣ ಎಂದು ಹೊರರಾಜ್ಯದ ರಿಟರ್ನ್ ಸಲ್ಲಿಸದೆ ತಮ್ಮ ರಾಜ್ಯದಲ್ಲಿ 280 ಡಾಲರಿನ ಕ್ರೆಡಿಟ್ ಕೇಳುವವರಿಗೆ ಮುಂದೊಂದು ದಿನ ನೋಟಿಸು ಬರುತ್ತದೆ. ಆದ್ದರಿಂದ ಕ್ರಮ ಇದು: ಮೊದಲು ಫೆಡರಲ್ ರಿಟರ್ನ್ ಸಿದ್ಧಪಡಿಸಿ, ಬಳಿಕ ಹೊರರಾಜ್ಯಗಳದು, ಎಲ್ಲ ಮುಗಿದ ಮೇಲೆ ವಾಸದ ರಾಜ್ಯದ್ದು. ಇದಕ್ಕೊಂದು ಅಪವಾದವೂ ಉಂಟು. ಅರಿಜೋನಾ, ಆರೆಗಾನ್, ವರ್ಜೀನಿಯಾ ನಿವಾಸಿಗಳು ಕ್ಯಾಲಿಫೋರ್ನಿಯಾದಲ್ಲಿ ದುಡಿದಾಗ ಕ್ರೆಡಿಟ್ಟನ್ನು ತಮ್ಮ ರಾಜ್ಯದಲ್ಲಿ ಕೇಳದೆ, ಕ್ಯಾಲಿಫೋರ್ನಿಯಾದ ಅನಿವಾಸಿ ರಿಟರ್ನಿನಲ್ಲೇ ಕೇಳಬೇಕು. ವರ್ಜೀನಿಯಾದ ಉತ್ತರ ಭಾಗದಲ್ಲಿ ನಮ್ಮ ಕಲಾವಿದರು ಬಹಳ ಮಂದಿ ಇರುವುದರಿಂದ ಇದನ್ನು ನೆನಪಿಸುತ್ತಿದ್ದೇನೆ. ಈ ಕ್ರೆಡಿಟ್ ರಾಜ್ಯಗಳ ದಾಕ್ಷಿಣ್ಯವೇನೂ ಅಲ್ಲ. ಮೇರಿಲ್ಯಾಂಡ್ ರಾಜ್ಯ ತನ್ನ ಕೌಂಟಿಗಳ ಪಾಲಿನ ತೆರಿಗೆಗೆ ಇಂಥ ಕ್ರೆಡಿಟ್ ಕೊಡದಿದ್ದುದು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟು 2015ರ ವಿನ್ ಮೊಕದ್ದಮೆಯಲ್ಲಿ ಐದಕ್ಕೆ ನಾಲ್ಕು ಮತಗಳಿಂದ ತೀರ್ಪಿತ್ತಿದೆ.

ರಾಜ್ಯದ ಕೆಳಗೆ ನಗರವೂ ಇದೆ ಎಂಬುದನ್ನು ನಮ್ಮವರು ಮರೆಯುವುದು ಓಹಾಯೋದಲ್ಲಿ. 1978ರಿಂದ ತ್ಯಾಗರಾಜ ಉತ್ಸವ ನಡೆಯುತ್ತಿರುವ ಕ್ಲೀವ್‌ಲ್ಯಾಂಡ್ ನಗರ ತನ್ನದೇ ಆದ ಶೇಕಡಾ 2.5ರ ಆದಾಯ ತೆರಿಗೆಯನ್ನು ಹಾಕುತ್ತದೆ. ಹೊರಗಿನವರು ವರ್ಷಕ್ಕೆ 20 ದಿನಗಳ ತನಕ ಬಂದು ಕೆಲಸ ಮಾಡಿದರೆ ನಗರದ ತೆರಿಗೆ ಬೇಡವೆಂದು ಓಹಾಯೋ ಕಾನೂನು ಹೇಳುತ್ತದೆ, ಆದರೆ ಅಲ್ಲಿಯೂ ವೃತ್ತಿಪರ ಕಲಾವಿದರು, ಆಟಗಾರರು, ಗಣ್ಯ ಭಾಷಣಕಾರರು ಆ ಸೌಲಭ್ಯದ ಹೊರಗೆ. ವಿಚಿತ್ರವೆಂದರೆ ಓಹಾಯೋ ರಾಜ್ಯ ಸ್ವಂತ ಉದ್ಯೋಗದ ಆದಾಯದಲ್ಲಿ ಮೊದಲ 2,50,000 ಡಾಲರನ್ನು ಕಳೆದುಕೊಳ್ಳಲು ಬಿಡುತ್ತದೆ. ಹೀಗಾಗಿ ಸ್ವತಂತ್ರ ಕಲಾವಿದರೊಬ್ಬರಿಗೆ ರಾಜ್ಯದ ತೆರಿಗೆ ಸೊನ್ನೆಯಾಗಿ, ನಗರದ ತೆರಿಗೆ ಮಾತ್ರ ಉಳಿಯುವ ಸಂದರ್ಭ ಬರುತ್ತದೆ. ಸಂಭಾವನೆಯಿಲ್ಲದೆ ಪಂಚರತ್ನ ಕೃತಿಗಳ ಗೋಷ್ಠಿಗಾಯನದಲ್ಲಿ ದನಿಗೂಡಿಸಿದವರಿಗೆ ಇದಾವುದೂ ತಟ್ಟುವುದಿಲ್ಲ. ಇದೇ ಕ್ಲೀವ್‌ಲ್ಯಾಂಡ್ ನಗರ ಶಿಕಾಗೋ ಬೇರ್ಸ್ ತಂಡದ ಫುಟ್‌ಬಾಲ್ ಆಟಗಾರ ಹಂಟರ್ ಹಿಲ್ಲೆನ್‌ಮೇಯರ್ ಅವರ ಸಂಬಳವನ್ನು ಆಡಿದ ಪಂದ್ಯಗಳ ಎಣಿಕೆಯಿಂದ ಭಾಗಿಸಿ ತೆರಿಗೆ ಹಾಕಿತ್ತು. ಅಭ್ಯಾಸದ ದಿನಗಳೂ ದುಡಿಮೆಯ ದಿನಗಳೇ ಆದ್ದರಿಂದ ಭಾಗಿಸಬೇಕಾದದ್ದು ಒಟ್ಟು ಕೆಲಸದ ದಿನಗಳಿಂದ ಎಂದು ಓಹಾಯೋ ಸುಪ್ರೀಂ ಕೋರ್ಟು 2015ರಲ್ಲಿ ಹೇಳಿತು. ನೃತ್ಯತಂಡವೊಂದರಲ್ಲಿ ವಾರ್ಷಿಕ ಸಂಬಳಕ್ಕಿರುವ ಕಲಾವಿದರಿಗೆ ಈ ತತ್ತ್ವ ಬಹಳ ಉಪಯುಕ್ತ. ತಾಲೀಮಿನ ದಿನಗಳನ್ನು ಬರೆದಿಟ್ಟುಕೊಂಡವರಿಗೆ ಹೊರರಾಜ್ಯದ ಪಾಲು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಖರ್ಚುಗಳ ವಿಷಯ ದೊಡ್ಡದು. ರಾಜ್ಯಗಳಿಗೆ ಸಂಬಂಧಿಸಿದಷ್ಟನ್ನು ಹೇಳುತ್ತೇನೆ. ಸ್ವತಂತ್ರ ಕಲಾವಿದರು ಫೆಡರಲ್ ರಿಟರ್ನಿನ ಶೆಡ್ಯೂಲ್ ಸಿ ಯಲ್ಲಿ ತಮ್ಮ ವೃತ್ತಿಯ ಖರ್ಚುಗಳನ್ನು ಕಳೆಯುತ್ತಾರೆ. ಪ್ರವಾಸದಲ್ಲಿ ಮಾಡಿದ ಊಟದ ಅರ್ಧ, ಹೋಟೆಲಿನ ಪೂರ್ತಿ ಖರ್ಚು, ಸ್ವಂತ ಕಾರಾದರೆ 2025ರಲ್ಲಿ ಮೈಲಿಗೆ 70 ಸೆಂಟ್ ಇದರಲ್ಲಿ ಬರುತ್ತವೆ. ಇದಕ್ಕೆ ನಿಮ್ಮ ವೃತ್ತಿಗೆ ಒಂದು ಕೇಂದ್ರಸ್ಥಾನ ಇರಬೇಕು. ಎಲ್ಲಿಯೂ ನೆಲೆಯಿಲ್ಲದೆ ಊರೂರು ಸುತ್ತುವವರನ್ನು ಕಾನೂನು ಅಲೆಮಾರಿಗಳೆಂದು ಎಣಿಸಿ, ಪ್ರವಾಸದ ಖರ್ಚನ್ನೇ ಒಪ್ಪುವುದಿಲ್ಲ. ಒಂದು ಊರಿನ ಕಾರ್ಯಕ್ರಮಕ್ಕೆಂದೇ ಆದ ಖರ್ಚನ್ನು ಆ ರಾಜ್ಯದ ಆದಾಯದಲ್ಲಿ ಕಳೆಯಬೇಕು, ತಂಬೂರಿಯ ದುರಸ್ತಿ, ವೆಬ್‌ಸೈಟು, ವಿಮೆಗಳಂಥ ಸಾಮಾನ್ಯ ಖರ್ಚನ್ನು ಎಲ್ಲ ರಾಜ್ಯಗಳ ಆದಾಯಕ್ಕೆ ಪ್ರಮಾಣದಂತೆ ಹಂಚಬೇಕು. ಸಂಬಳಕ್ಕೆ ದುಡಿಯುವ ಕಲಾವಿದರ ಪಾಡು ಇದಕ್ಕಿಂತ ಕಷ್ಟ. ಅವರಿಗೆ ಖರ್ಚು ಕಳೆಯಲು 1986ರಲ್ಲಿ ಮಾಡಿದ ವಿಶೇಷ ಕಲಮಿನಲ್ಲಿ ವಾರ್ಷಿಕ ಆದಾಯದ ಮಿತಿಯನ್ನು 16,000 ಡಾಲರಿಗೆ ನಿಲ್ಲಿಸಲಾಗಿತ್ತು. ಬೆಲೆಗಳು ಎಲ್ಲಿಗೆ ಹೋದರೂ ಆ ಅಂಕಿ ಇಂದಿಗೂ ಅಲ್ಲಿಯೇ ನಿಂತಿದೆ.

ವೇದಿಕೆಯಾಚೆಯ ಆದಾಯಕ್ಕೆ ನಿಯಮಗಳು ಬೇರೆ. ಧ್ವನಿಮುದ್ರಣದ ರಾಯಧನ ಸಾಮಾನ್ಯವಾಗಿ ನಿಮ್ಮ ವಾಸದ ರಾಜ್ಯಕ್ಕೆ ಸೇರುತ್ತದೆ. ಮನೆಯಲ್ಲಿ ಕುಳಿತು ಝೂಮ್ ಮೂಲಕ ಹೊರರಾಜ್ಯದ ಮಕ್ಕಳಿಗೆ ಹೇಳುವ ಪಾಠವನ್ನು, ಕೆಲಸ ಎಲ್ಲಿ ನಡೆಯಿತು ಎಂದು ನೋಡುವ ರಾಜ್ಯಗಳು ನಿಮ್ಮ ಮನೆಯ ದುಡಿಮೆಯೆಂದೇ ಎಣಿಸುತ್ತವೆ. ಕ್ಯಾಲಿಫೋರ್ನಿಯಾ ಹಾಗಲ್ಲ, ಸೇವೆಯ ಪ್ರಯೋಜನ ಎಲ್ಲಿ ಸಿಕ್ಕಿತು ಎಂದು ಅದು ನೋಡುತ್ತದೆ. ಅರಿಜೋನಾದ ತನ್ನ ಮನೆಯಲ್ಲಿ ಕುಳಿತು ಕ್ಯಾಲಿಫೋರ್ನಿಯಾದ ಸಂಸ್ಥೆಗಳಿಗೆ ಚಿತ್ರಕಥೆ ಬರೆದುಕೊಟ್ಟ ಲೇಖಕನೊಬ್ಬ ಅಲ್ಲಿಗೂ ತೆರಿಗೆ ಕಟ್ಟಬೇಕೆಂದು 2019ರಲ್ಲಿ ಆ ರಾಜ್ಯದ ತೆರಿಗೆ ಮೇಲ್ಮನವಿ ಕಚೇರಿ ತೀರ್ಮಾನಿಸಿತು. ಸಿಲಿಕಾನ್ ಕಣಿವೆಯಲ್ಲಿ ಹತ್ತಾರು ಶಿಷ್ಯರಿರುವ ಗುರುಗಳು ಈ ತೀರ್ಮಾನವನ್ನು ತಮ್ಮ ಲೆಕ್ಕಿಗರ ಗಮನಕ್ಕೆ ತರುವುದು ಒಳ್ಳೆಯದು.

ದಾಖಲೆಯ ವಿಷಯದಲ್ಲಿ ನಾನು ಕೇಳಿಕೊಳ್ಳುವುದು ಇಷ್ಟೇ. ಪ್ರತಿ ಕಾರ್ಯಕ್ರಮಕ್ಕೂ ಒಂದು ಸಾಲು: ದಿನಾಂಕ, ಊರು, ರಾಜ್ಯ, ಕೊಟ್ಟ ಸಂಸ್ಥೆ, ಒಟ್ಟು ಸಂಭಾವನೆ, ಹಿಡಿದ ತೆರಿಗೆ, ಪಕ್ಕವಾದ್ಯದವರಿಗೆ ಕೊಟ್ಟದ್ದು, ಪ್ರಯಾಣ, ವಸತಿ. ಕರಪತ್ರವನ್ನೂ ವಿಮಾನದ ಟಿಕೆಟ್ಟಿನ ಪ್ರತಿಯನ್ನೂ ಅದರ ಜೊತೆ ಇಡಿ. ಕ್ಯಾಲಿಫೋರ್ನಿಯಾದಲ್ಲಿ ಕಡಿತವಾಗಿದ್ದರೆ 592-ಬಿ ಎಂಬ ಪ್ರಮಾಣಪತ್ರವನ್ನು ಜನವರಿಯಲ್ಲೇ ಕೇಳಿ ಪಡೆಯಿರಿ, ಏಕೆಂದರೆ ನಮ್ಮ ಸಂಘಸಂಸ್ಥೆಗಳ ಪದಾಧಿಕಾರಿಗಳು ವರ್ಷ ವರ್ಷ ಬದಲಾಗುತ್ತಾರೆ, ಹಳೆಯ ಖಜಾಂಚಿಯನ್ನು ಮಾರ್ಚಿಯಲ್ಲಿ ಹುಡುಕುವುದು ಸುಲಭವಲ್ಲ.

ಕರ್ನಾಟಕದಿಂದ ಬರುವ ಅತಿಥಿ ಕಲಾವಿದರ ಕುರಿತು ಸಂಘಟಕರಿಗೆ ಎರಡು ಮಾತು. ಸಾಂಸ್ಕೃತಿಕ ಕಾರ್ಯಕ್ರಮ ಕೊಡುವ ಕಲಾವಿದರಿಗೆಂದು ಇರುವ ಪಿ-3 ವೀಸಾದ ಮೇಲೆ ಬರುವ ಅನಿವಾಸಿ ವಿದೇಶೀಯರಿಗೆ ಕೊಡುವ ಸಂಭಾವನೆಯಲ್ಲಿ ಶೇಕಡಾ 30ರಷ್ಟನ್ನು ಫೆಡರಲ್ ತೆರಿಗೆಯಾಗಿ ಹಿಡಿಯಬೇಕು, ಹಿಡಿಯದಿದ್ದರೆ ಆ ಹೊಣೆ ಕೊಟ್ಟ ಸಂಸ್ಥೆಯದೇ ಆಗುತ್ತದೆ. ಅನೇಕ ಊರುಗಳ ಪ್ರವಾಸವಾದರೆ ಖರ್ಚುಗಳನ್ನು ಮೊದಲೇ ತೋರಿಸಿ ಕಡಿತವನ್ನು ಇಳಿಸಿಕೊಳ್ಳುವ ಒಪ್ಪಂದವನ್ನು ಫೆಡರಲ್ ತೆರಿಗೆ ಇಲಾಖೆಯಾದ ಐ.ಆರ್.ಎಸ್. ಜೊತೆ ಮಾಡಿಕೊಳ್ಳಬಹುದು. ಅದಕ್ಕೆ ಮೊದಲ ಕಾರ್ಯಕ್ರಮಕ್ಕೆ 45 ದಿನ ಮುಂಚೆ 13930 ಎಂಬ ನಮೂನೆಯಲ್ಲಿ ಅರ್ಜಿ ಹಾಕಬೇಕು. ಭಾರತ ಅಮೆರಿಕಗಳ ತೆರಿಗೆ ಒಪ್ಪಂದದಂತೆ ಕಲಾವಿದರ ನಿವ್ವಳ ಆದಾಯ ವರ್ಷಕ್ಕೆ 1,500 ಡಾಲರ್ ಮೀರದಿದ್ದರೆ ಅಮೆರಿಕದ ತೆರಿಗೆ ಇಲ್ಲ, ಭಾರತದ ಸರ್ಕಾರಿ ಹಣದಿಂದಲೇ ಪ್ರವಾಸ ನಡೆದಿದ್ದರೆ ಈ ಮಿತಿಯೂ ಇಲ್ಲ. ಆದರೆ ಆ ಒಪ್ಪಂದ ಫೆಡರಲ್ ತೆರಿಗೆಗೆ ಸಂಬಂಧಿಸಿದ್ದು. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ಪೆನ್ಸಿಲ್ವೇನಿಯಾಗಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೆಂಗಳೂರಿನಿಂದ ಬಂದ ಗಾಯಕರಿಗೂ ಸ್ಯಾನ್ ಹೋಸೆಯ ಶೇಕಡಾ 7 ತಪ್ಪಿದ್ದಲ್ಲ.

ಉಪನ್ಯಾಸದ ಬಳಿಕ ಹಿರಿಯ ಕಲಾವಿದೆಯೊಬ್ಬರು ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತಿದ್ದೇನೆ: "ಹಿಂದಿನ ವರ್ಷಗಳಲ್ಲಿ ಹೊರರಾಜ್ಯಗಳಿಗೆ ಏನೂ ಸಲ್ಲಿಸಿಲ್ಲ, ಈಗ ಏನು ಮಾಡಬೇಕು?" ಸಲ್ಲಿಸದ ರಿಟರ್ನಿಗೆ ಕಾಲಮಿತಿ ಎಂಬುದು ಸಾಮಾನ್ಯವಾಗಿ ಇರುವುದಿಲ್ಲ, ಎಷ್ಟು ವರ್ಷಗಳ ಮೇಲಾದರೂ ರಾಜ್ಯ ಕೇಳಬಹುದು, ಮತ್ತು 1099 ನಮೂನೆಗಳ ಮಾಹಿತಿ ರಾಜ್ಯಗಳಿಗೂ ತಲುಪುತ್ತದೆ. ತಾವಾಗಿಯೇ ಮುಂದೆ ಬಂದು ಲೆಕ್ಕ ಒಪ್ಪಿಸುವವರಿಗೆ ದಂಡದಲ್ಲಿ ರಿಯಾಯಿತಿ ಕೊಡುವ ಏರ್ಪಾಡು ಹಲವು ರಾಜ್ಯಗಳಲ್ಲಿದೆ, ಆದರೆ ನೋಟಿಸು ಬಂದ ಮೇಲೆ ಅದು ಸಿಗುವುದಿಲ್ಲ. ತಡ ಮಾಡಬಾರದೆನ್ನಲು ಇನ್ನೊಂದು ಕಾರಣವೂ ಇದೆ. ಹೊರರಾಜ್ಯಕ್ಕೆ ಈಗ ಕಟ್ಟಿದ ಹಳೆಯ ತೆರಿಗೆಗೆ ನಿಮ್ಮ ರಾಜ್ಯದಲ್ಲಿ ಕ್ರೆಡಿಟ್ ಪಡೆಯಲು ಆ ವರ್ಷದ ರಿಟರ್ನನ್ನು ತಿದ್ದಿ ಸಲ್ಲಿಸಬೇಕು, ನ್ಯೂಜೆರ್ಸಿಯಲ್ಲಾದರೆ ಹಣ ವಾಪಸು ಕೇಳಲು ಇರುವ ಸಾಮಾನ್ಯ ಅವಧಿ ಮೂರು ವರ್ಷ. ಆ ಅವಧಿ ಕಳೆದ ಮೇಲೆ ಅದೇ ಕಛೇರಿಯ ಅದೇ ಹಣಕ್ಕೆ ಎರಡೂ ರಾಜ್ಯಗಳಿಗೆ ಪೂರ್ತಿ ತೆರಿಗೆ ತೆತ್ತಂತೆ ಆಗುವ ಸಂಭವ ಹೆಚ್ಚು. ಆದ್ದರಿಂದ ತೀರ ಹಳೆಯ ವರ್ಷಗಳ ಚಿಂತೆಯನ್ನು ನಿಮ್ಮ ಲೆಕ್ಕಿಗರಿಗೆ ಬಿಟ್ಟು, ಕ್ರೆಡಿಟ್ಟಿನ ಅವಧಿ ಇನ್ನೂ ತೆರೆದಿರುವ ವರ್ಷಗಳನ್ನು ಮೊದಲು ಕೈಗೆತ್ತಿಕೊಳ್ಳಿ ಎಂದು ಅವರಿಗೆ ಹೇಳಿದೆ.